80 ರೂಪಾಯಿ ಸಾಲ ಯಾರನ್ನು ನಂಬಿ ಬಂತು?

ಲಿಜ್ಜತ್ ಪಾಪಡ್ ಕಥೆ ಹೇಳುವವರೆಲ್ಲ 80 ರೂಪಾಯಿಯಿಂದಲೇ ಶುರು ಮಾಡುತ್ತಾರೆ. 1959ರ ಮಾರ್ಚ್ 15, ಮುಂಬಯಿಯ ಗಿರಗಾಂವ್, ಒಂದು ಕಟ್ಟಡದ ತಾರಸಿ, ಏಳು ಜನ ಗುಜರಾತಿ ಹೆಂಗಸರು, ಸಾಲ ತಂದ 80 ರೂಪಾಯಿ, ಮೊದಲ ದಿನ ನಾಲ್ಕು ಪ್ಯಾಕೆಟ್ ಹಪ್ಪಳ. ಇವತ್ತು ಸುಮಾರು 45,000 ಹೆಂಗಸರು ಅದರ ಒಡತಿಯರು. ಈ ಕಥೆ ಎಷ್ಟು ಸಲ ಕೇಳಿದರೂ ನನಗೆ ಬೇಜಾರಾಗುವುದಿಲ್ಲ. ಆದರೆ ಆ 80 ರೂಪಾಯಿ ಕೊಟ್ಟವರು ಯಾರು, ಯಾಕೆ ಕೊಟ್ಟರು ಅಂತ ಹೆಚ್ಚಿನವರು ಕೇಳುವುದಿಲ್ಲ. ಇಡೀ ಕಥೆಯಲ್ಲಿ ನನಗೆ ಮುಖ್ಯ ಅನಿಸುವುದು ಅದೇ.

ಕೊಟ್ಟವರು ಛಗನ್‌ಲಾಲ್ ಕರಮ್‌ಸಿ ಪಾರೇಖ್. ಎಲ್ಲರೂ ಛಗನ್‌ಬಾಪಾ ಅಂತ ಕರೆಯುತ್ತಿದ್ದರು. ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿಯ ಸದಸ್ಯರು. ಗೋಪಾಲಕೃಷ್ಣ ಗೋಖಲೆಯವರು 1905ರಲ್ಲಿ ನಮ್ಮ ಪುಣೆಯಲ್ಲೇ ಕಟ್ಟಿದ ಸಮಾಜಸೇವೆಯ ಸಂಸ್ಥೆ ಅದು. ಮಾಡಿದ ಹಪ್ಪಳ ಹೋಗಿದ್ದು ಭುಲೇಶ್ವರದ ಒಬ್ಬ ಗುರುತಿನ ವ್ಯಾಪಾರಿಯ ಅಂಗಡಿಗೆ. ಮಾರುವ ಕೆಲಸಕ್ಕೆ ಜೊತೆ ನಿಂತವರು ಪುರುಷೋತ್ತಮ್ ದಾಮೋದರ್ ದತ್ತಾನಿ. ಬಾಪಾ ದುಡ್ಡು ಕೊಟ್ಟು ಸುಮ್ಮನಾಗಲಿಲ್ಲ. ಅಗ್ಗದ್ದು ಒಂದು, ಒಳ್ಳೆಯದು ಒಂದು ಅಂತ ಎರಡು ಥರದ ಹಪ್ಪಳ ಮಾಡುವ ಯೋಚನೆ ಇತ್ತು. ಬೇಡ, ಗುಣಮಟ್ಟ ಒಂದೇ ಇರಲಿ ಅಂದರು. ಲೆಕ್ಕ ಸರಿಯಾಗಿ ಇಡಿ, ವ್ಯಾಪಾರ ಅಂದರೆ ವ್ಯಾಪಾರದ ಹಾಗೇ ನಡೆಸಿ ಅಂದರು. ದಾನ ತೆಗೆದುಕೊಳ್ಳುವುದಿಲ್ಲ ಅಂತ ಹೆಂಗಸರೂ ಗಟ್ಟಿ ಮನಸ್ಸು ಮಾಡಿದ್ದರು. ಮೊದಲ ವರ್ಷ ಮಳೆಗಾಲದಲ್ಲಿ ಹಪ್ಪಳ ಒಣಗದೆ ನಾಲ್ಕು ತಿಂಗಳು ಕೆಲಸ ನಿಂತುಹೋಯಿತು. ಮರುವರ್ಷ ಒಂದು ಮಂಚ, ಒಂದು ಸ್ಟೋವ್ ತಂದರು. ಮಂಚದ ಮೇಲೆ ಹಪ್ಪಳ, ಕೆಳಗೆ ಉರಿ.

ಆಮೇಲೆ 1966. ಬಾಪಾ ಸಲಹೆಯ ಮೇಲೆ ಸಂಸ್ಥೆ ನೋಂದಣಿ ಆಯಿತು. ಅವರದೇ ಶಿಫಾರಸಿನ ಮೇಲೆ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಅಧ್ಯಕ್ಷರು ಖುದ್ದಾಗಿ ಬಂದು ನೋಡಿದರು. ಅದೇ ವರ್ಷ ಆಯೋಗದ ಮಾನ್ಯತೆ ಸಿಕ್ಕಿತು, 8 ಲಕ್ಷ ರೂಪಾಯಿ ದುಡಿಯುವ ಬಂಡವಾಳ ಸಿಕ್ಕಿತು, ಒಂದಿಷ್ಟು ತೆರಿಗೆ ವಿನಾಯಿತಿಯೂ ಸಿಕ್ಕಿತು. 80 ರೂಪಾಯಿಗೂ 8 ಲಕ್ಷಕ್ಕೂ ನಡುವೆ ಏಳು ವರ್ಷದ ದುಡಿಮೆ ಇದೆ, ಮತ್ತು ಎರಡೂ ಕಡೆ ಒಬ್ಬನೇ ಮನುಷ್ಯನ ಮಾತಿದೆ.

ದುಡಿಮೆ ಆ ಹೆಂಗಸರದೇ, ಅದರಲ್ಲಿ ಎರಡು ಮಾತಿಲ್ಲ. ಆ ಏಳು ಜನರಲ್ಲಿ ಒಬ್ಬರಾದ ಜಸವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಬಂದಿದ್ದು ಆ ದುಡಿಮೆಗೇ. ನಾನು ಕೇಳುವುದು ಬೇರೆ. ಅಷ್ಟೇ ಕೈಚಳಕ, ಅಷ್ಟೇ ಛಲ ಇದ್ದ ಎಷ್ಟೋ ಗುಂಪುಗಳು ಆ ಕಾಲದಲ್ಲೂ ಇದ್ದಿರಬೇಕು, ಈಗಲೂ ಇವೆ, ನಿಮ್ಮ ಬೀದಿಯಲ್ಲೂ ಒಂದಿರಬಹುದು. ಅವರಿಗೆ ಕಸುಬು ಗೊತ್ತು. ಹೊತ್ತು ಹುಟ್ಟುವ ಮೊದಲೇ ಎದ್ದು ದುಡಿಯುತ್ತಾರೆ. ಇಲ್ಲದಿರುವುದು, 'ಇವರು ನನಗೆ ಗೊತ್ತು, ನೀವು ಕೊಡಿ' ಅಂತ ಇನ್ನೊಬ್ಬರ ಎದುರು ತನ್ನ ಹೆಸರು ಪಣಕ್ಕಿಟ್ಟು ಹೇಳುವ ಒಬ್ಬ ಮನುಷ್ಯ.

ಇದನ್ನು ನಾನು ಕಣ್ಣಾರೆ ನೋಡಿ ಕಲಿತಿದ್ದು ಪುಣೆಯಲ್ಲಿ. ವಿಜಯಪುರ, ಕಲಬುರಗಿ, ಯಾದಗಿರಿ ಕಡೆಯಿಂದ ಇಲ್ಲಿಗೆ ಕಟ್ಟಡದ ಕೆಲಸಕ್ಕೆ ಬಂದ ಕುಟುಂಬಗಳು ಎಷ್ಟಿವೆ ಅಂತ ಇಲ್ಲಿನ ಕನ್ನಡದವರಿಗೆ ಹೇಳಬೇಕಾಗಿಲ್ಲ. ವಾಕಡ್, ಹಿಂಜವಡಿ, ಬಾಣೇರ್ ಕಡೆ ಎದ್ದಿರುವ ಗೋಪುರಗಳಲ್ಲಿ ಅವರ ಬೆವರಿದೆ. ಅಂಥ ಕುಟುಂಬಗಳಿರುವ ಒಂದು ಬಸ್ತಿಯಲ್ಲಿ, ಅಂದರೆ ಕೂಲಿಕಾರರ ಕೇರಿಯಲ್ಲಿ, ಕೆಲವು ಹೆಂಗಸರು ಸೇರಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಮಾಡಿ ಮಾರುತ್ತಾರೆ. ಸಿಮೆಂಟು ಹೊರುವುದಕ್ಕಿಂತ ಇದು ವಾಸಿ, ಮಕ್ಕಳು ಕಣ್ಣೆದುರಿಗೇ ಇರುತ್ತಾರೆ, ಲಾಭದ ಒಂದು ಪಾಲು ಮಕ್ಕಳ ಶಾಲೆಗೆ ಅಂತ ಬೇರೆ ಇಡುತ್ತಾರೆ. ನಾನು ರಜೆಯ ದಿನ ಹೋಗಿ ಅವರ ಲೆಕ್ಕದ ಪುಸ್ತಕ ನೋಡಿಕೊಡುತ್ತೇನೆ. ಅಲ್ಲಿ ಕೂತು ಲೆಕ್ಕ ಬರೆಯುತ್ತಾ ಬರೆಯುತ್ತಾ ನನಗೆ ಅರ್ಥವಾದದ್ದು, ಪ್ರತಿ ದೊಡ್ಡ ಆದಾಯದ ಸಾಲಿನ ಹಿಂದೆ ಒಂದು ಪರಿಚಯ ಇರುತ್ತದೆ ಅಂತ.

ಮೊದಲು ಸಿಕ್ಕಿದ್ದು ಹತ್ತಿರದವರ ಬಲ. ಒಂದೇ ತಾಲೂಕಿನವರು, ಕೆಲವರು ಬೀಗರು, ಕೆಲವರು ಒಂದೇ ಓಣಿಯಲ್ಲಿ ಬೆಳೆದವರು. ಒಬ್ಬಳ ಮನೆಯ ಒಲೆ, ಇನ್ನೊಬ್ಬಳ ಹಂಚು, ಮತ್ತೊಬ್ಬಳು ಊರಿಂದ ತಂದ ಜೋಳ. ಯಾರೂ ಬರೆದುಕೊಂಡಿಲ್ಲ, ಆದರೂ ಯಾರದ್ದು ಯಾರಿಗೆ ಎಷ್ಟು ಅಂತ ಎಲ್ಲರಿಗೂ ನೆನಪು. ಒಬ್ಬಳಿಗೆ ಜ್ವರ ಬಂದರೆ ಇನ್ನೊಬ್ಬಳು ಅವಳ ಪಾಲಿನ ರೊಟ್ಟಿ ಬಡಿದು ಹಾಕುತ್ತಾಳೆ. ಬ್ಯಾಂಕಿಗೆ ಇದೆಲ್ಲ ಕಾಣಿಸುವುದಿಲ್ಲ, ಬ್ಯಾಲೆನ್ಸ್ ಶೀಟಿನಲ್ಲಿ ಇದಕ್ಕೊಂದು ಕಾಲಮ್ಮೂ ಇಲ್ಲ. ಆದರೆ ಈ ನಂಬಿಕೆ ಇಲ್ಲದಿದ್ದರೆ ಮೊದಲ ವಾರವೇ ಗುಂಪು ಒಡೆದು ಹೋಗುತ್ತಿತ್ತು.

ಆದರೆ ಹತ್ತಿರದವರ ಬಲಕ್ಕೆ ಒಂದು ಮಿತಿ ಇದೆ. ಅವರೆಲ್ಲರಿಗೂ ಗೊತ್ತಿರುವುದು ಅದೇ ಜನ, ಅದೇ ಮುಕಾದಮ (ಕೂಲಿಯವರ ಮೇಸ್ತ್ರಿ), ಅದೇ ಕಿರಾಣಿ ಅಂಗಡಿ. ಒಬ್ಬಳಿಗೆ ಗೊತ್ತಿಲ್ಲದ್ದು ಇನ್ನೊಬ್ಬಳಿಗೂ ಗೊತ್ತಿಲ್ಲ. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರದ) ನೋಂದಣಿ ಬೇಕು ಅಂತ ಬಸ್ತಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಗೊತ್ತಿರುವವರ ಗುರುತೂ ಯಾರಿಗೂ ಇರಲಿಲ್ಲ.

ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೋವೆಟರ್ 1973ರಲ್ಲಿ ಬರೆದ ಒಂದು ಲೇಖನ ಈ ವಿಷಯದಲ್ಲಿ ಬಹಳ ಪ್ರಸಿದ್ಧ. ಬಾಸ್ಟನ್ ಹತ್ತಿರದ ಊರೊಂದರಲ್ಲಿ ಹೊಸ ಕೆಲಸಕ್ಕೆ ಸೇರಿದವರನ್ನು ಅವರು ಮಾತಾಡಿಸಿದ್ದರು. ಪರಿಚಯದವರ ಮೂಲಕ ಕೆಲಸ ಸಿಕ್ಕವರನ್ನು, ಆ ಪರಿಚಯದವರನ್ನು ನೀವು ಎಷ್ಟು ಸಲ ಭೇಟಿ ಆಗುತ್ತಿದ್ದಿರಿ ಅಂತ ಕೇಳಿದರು. ಪದೇ ಪದೇ ಭೇಟಿ ಆಗುತ್ತಿದ್ದೆವು ಅಂದವರು ಶೇ. 16.7 ಮಾತ್ರ. ಆಗಾಗ ಅಂದವರು ಶೇ. 55.6. ಅಪರೂಪಕ್ಕೆ ಅಂದವರು ಶೇ. 27.8. ಅಂದರೆ ಕೆಲಸದ ಸುದ್ದಿ ತಂದವರು ಬಹಳಷ್ಟು ಸಲ ಆಪ್ತರಲ್ಲ, ದೂರದ ಪರಿಚಯದವರು. ಕಾರಣ ಸರಳ. ಆಪ್ತರಿಗೆ ಗೊತ್ತಿರುವುದು ನಮಗೂ ಆಗಲೇ ಗೊತ್ತಿರುತ್ತದೆ. ದೂರದವರು ಬೇರೆ ಲೋಕದಿಂದ ಸುದ್ದಿ ತರುತ್ತಾರೆ.

ರೊಟ್ಟಿ ಗುಂಪಿನಲ್ಲೂ ಆದದ್ದು ಹಾಗೇ. ಮೊದಲ ತಿರುವು ಬಂದಿದ್ದು ಒಬ್ಬಳು ಮನೆಕೆಲಸಕ್ಕೆ ಹೋಗುತ್ತಿದ್ದ ಅಪಾರ್ಟ್‌ಮೆಂಟಿನಿಂದ. ಆ ಮನೆಯಾಕೆ ಧಾರವಾಡದವರು. ಒಂದು ದಿನ ಡಬ್ಬಿಯಲ್ಲಿದ್ದ ರೊಟ್ಟಿ ತಿಂದು ನೋಡಿ, ತಮ್ಮ ಸೊಸೈಟಿಯ ವಾಟ್ಸಾಪ್ ಗ್ರೂಪಿಗೆ ಒಂದು ಫೋಟೋ ಹಾಕಿದರು. ಇಷ್ಟೇ ಅವರು ಮಾಡಿದ್ದು. ಐಟಿ ಕೆಲಸಕ್ಕೆ ಬಂದು ಊರಿನ ರೊಟ್ಟಿಗೆ ಹಂಬಲಿಸುತ್ತಿದ್ದ ಬೆಳಗಾವಿ, ಬಾಗಲಕೋಟೆ, ಗದಗದ ಹುಡುಗ ಹುಡುಗಿಯರು ಆ ಒಂದು ಸೊಸೈಟಿಯಲ್ಲೇ ಸಾಕಷ್ಟಿದ್ದರು, ಅವರು ಆಫೀಸಿಗೆ ಹೇಳಿದರು, ಆಫೀಸಿನವರು ತಮ್ಮ ಸೊಸೈಟಿಗಳಿಗೆ ಹೇಳಿದರು. ಜಾಹೀರಾತಿಗೆ ಒಂದು ಪೈಸೆ ಖರ್ಚಾಗಿಲ್ಲ.

ಆದರೆ ಆರ್ಡರ್ ಜಾಸ್ತಿ ಆದ ಹಾಗೆ ಕಷ್ಟಗಳೂ ಬೇರೆ ಥರದವು ಬರತೊಡಗಿದವು. ಖಡಕ್ ರೊಟ್ಟಿ ತಿಂಗಳುಗಟ್ಟಲೆ ಕೆಡುವುದಿಲ್ಲ, ನಿಜ. ಆದರೆ ಒಡೆಯುತ್ತದೆ. ಬೈಕಿನ ಮೇಲೆ ಹಿಂಜವಡಿಯಿಂದ ಹಡಪ್ಸರ್‌ಗೆ ಹೋಗುವಷ್ಟರಲ್ಲಿ ಅರ್ಧ ಚೂರು. ಗುಂಪಿಗೆ ಸರಿಯಾದ ಅಳತೆಯ ಗಟ್ಟಿ ಡಬ್ಬ ಬೇಕಿತ್ತು, ಕಾರ್ಖಾನೆಯವರು ಸಾವಿರಗಟ್ಟಲೆಗಿಂತ ಕಡಿಮೆ ಆರ್ಡರ್ ತೆಗೆದುಕೊಳ್ಳುವುದಿಲ್ಲ. ಗಿರಾಕಿಯೊಬ್ಬರ ಅಣ್ಣ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಪ್ಯಾಕಿಂಗ್ ಸಾಮಾನು ಮಾಡುವ ಶೆಡ್‌ನಲ್ಲಿ ಸೂಪರ್‌ವೈಸರ್. ಬೇರೆ ಯಾರದೋ ಆರ್ಡರಿನ ಜೊತೆಗೆ ಇವರದ್ದೂ ಸಣ್ಣ ಲಾಟ್ ಹಾಕಿಸಿಕೊಟ್ಟರು. ಅವರು ಈ ಹೆಂಗಸರನ್ನು ಅಲ್ಲಿವರೆಗೆ ನೋಡೇ ಇರಲಿಲ್ಲ.

ಜೋಳದ್ದು ಇನ್ನೂ ದೊಡ್ಡ ಮಾತು. ಒಳ್ಳೆ ರೊಟ್ಟಿಗೆ ಹಿಂಗಾರಿ ಬಿಳಿಜೋಳವೇ ಆಗಬೇಕು. ಮಾಲದಂಡಿ ತಳಿ ಅಂದರೆ ನಮ್ಮ ವಿಜಯಪುರದವರಿಗೂ ಗೊತ್ತು, ಸೋಲಾಪುರದವರಿಗೂ ಗೊತ್ತು. ಸೋಲಾಪುರ ಜಿಲ್ಲೆಯ ಮಂಗಳವೇಢೆ ಜೋಳಕ್ಕೆ ಜಿಐ (ಭೌಗೋಳಿಕ ಗುರುತು) ಮಾನ್ಯತೆಯೂ ಇದೆ. ಈ ಜೋಳ ಕೊಯ್ಲಿಗೆ ಬರುವುದು ಫೆಬ್ರವರಿ, ಮಾರ್ಚ್ ಹೊತ್ತಿಗೆ. ಆಗ ಕೊಂಡಿಟ್ಟರೆ ದರ ಸರಿ ಇರುತ್ತದೆ, ಮಳೆಗಾಲಕ್ಕೆ ಏರುತ್ತದೆ. ಆದರೆ ಒಮ್ಮೆಲೇ ವರ್ಷಕ್ಕಾಗುವಷ್ಟು ಕೊಳ್ಳಲು ಕೈಯಲ್ಲಿ ದುಡ್ಡೆಲ್ಲಿದೆ? ಗುಲ್ಟೇಕಡಿ ಮಾರ್ಕೆಟ್ ಯಾರ್ಡ್‌ನಲ್ಲಿ ಉದ್ರಿ ಸಿಗಬೇಕಾದರೆ ಯಾರಾದರೂ ಜಾಮೀನು ನಿಲ್ಲಬೇಕು. ಬ್ಯಾಂಕಿನಿಂದ ನಿವೃತ್ತರಾದ ಒಬ್ಬ ಹಿರಿಯರು, ಅವರೂ ಕನ್ನಡದವರೇ, ಒಬ್ಬ ಅಡತಿ ವ್ಯಾಪಾರಿಗೆ ಫೋನ್ ಮಾಡಿ, ಇವರ ಪುಸ್ತಕ ನಾನು ನೋಡಿದ್ದೇನೆ, ಲೆಕ್ಕ ಚೊಕ್ಕ ಇದೆ, ಕೊಡಿ ಅಂದರು. ಒಂದು ಫೋನ್ ಕರೆ. ಆ ವರ್ಷ ಜೋಳದಲ್ಲಿ ಉಳಿದ ದುಡ್ಡೇ ಹಿಟ್ಟಿನ ಗಿರಣಿಗೆ ಮುಂಗಡ ಆಯಿತು.

ಇಲ್ಲಿ ಒಂದು ಮಾತು ಗಮನಿಸಬೇಕು. ಆ ಹಿರಿಯರು ಸುಮ್ನೆ ಹೇಳಲಿಲ್ಲ, ಪುಸ್ತಕ ನೋಡಿದ ಮೇಲೆ ಹೇಳಿದರು. ಲೆಕ್ಕ ಚೊಕ್ಕ ಇಲ್ಲದಿದ್ದರೆ ಎಂಥ ಪರಿಚಯವೂ ಒಂದೇ ಸಲಕ್ಕೆ ಮುಗಿದು ಹೋಗುತ್ತದೆ. ಜಾಮೀನು ನಿಂತವರ ಹೆಸರು ಕೆಡುತ್ತದೆ, ಮುಂದಿನ ಗುಂಪಿಗೆ ಅವರು ಬಾಯಿ ಬಿಡುವುದಿಲ್ಲ. ಹಾಗಾಗಿ ಪರಿಚಯದಿಂದ ಬಂದ ಸಾಲವನ್ನು ಬ್ಯಾಂಕಿನ ಸಾಲಕ್ಕಿಂತ ಮೊದಲು ತೀರಿಸಬೇಕು ಅಂತ ನಾನು ಗುಂಪಿನಲ್ಲಿ ಗಟ್ಟಿಯಾಗಿ ಹೇಳುತ್ತೇನೆ.

ಇನ್ನು ವೃತ್ತಿಯ ಸಂಪರ್ಕಗಳ ವಿಷಯ. ನೆಂಟರು, ಗೆಳೆಯರು ಮಾಡಲಾಗದ ಕೆಲಸ ಇಲ್ಲಿದೆ. ಸ್ವಸಹಾಯ ಗುಂಪಾಗಿಯೇ ಇರಬೇಕೋ, ಸಹಕಾರಿ ಸಂಘ ಆಗಬೇಕೋ, ಉತ್ಪಾದಕರ ಕಂಪನಿ ಮಾಡಬೇಕೋ, ಕಂಪನಿ ಕಾಯ್ದೆಯ ಸೆಕ್ಷನ್ 8ರ ಲಾಭರಹಿತ ಕಂಪನಿಯೋ? ಒಂದೊಂದಕ್ಕೂ ಒಂದೊಂದು ನಿಯಮ. ಸೆಕ್ಷನ್ 8 ಆದರೆ ಲಾಭ ಹಂಚಿಕೊಳ್ಳುವ ಹಾಗಿಲ್ಲ, ಅದು ಗೊತ್ತಿಲ್ಲದೆ ಯಾರೋ ಹೇಳಿದರು ಅಂತ ಮಾಡಿಸಿಕೊಂಡರೆ ದುಡಿದ ಹೆಂಗಸರಿಗೇ ಲಾಭದ ಪಾಲು ಇಲ್ಲ. ಒಬ್ಬ ಒಳ್ಳೆಯ ಸಿಎ ಅರ್ಧ ಗಂಟೆ ಕೂತು ಹೇಳಿದರೆ ವರ್ಷಗಳ ತಲೆನೋವು ತಪ್ಪುತ್ತದೆ. ಆದರೆ ಆ ಅರ್ಧ ಗಂಟೆ ಬಸ್ತಿಯ ಹೆಂಗಸಿಗೆ ಎಲ್ಲಿ ಸಿಗಬೇಕು?

ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ದುಡ್ಡಿನದ್ದೂ ಇದೇ ಕಥೆ. 2013ರ ಕಂಪನಿ ಕಾಯ್ದೆಯ ಪ್ರಕಾರ 500 ಕೋಟಿ ನಿವ್ವಳ ಮೌಲ್ಯ, ಅಥವಾ 1,000 ಕೋಟಿ ವಹಿವಾಟು, ಅಥವಾ 5 ಕೋಟಿ ನಿವ್ವಳ ಲಾಭ ಇರುವ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2ನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಪುಣೆ, ಮುಂಬಯಿಯಲ್ಲಿ ಅಂಥ ಕಂಪನಿಗಳಿಗೆ ಏನು ಕಡಿಮೆ? ಆದರೂ ದುಡ್ಡು ಹೋಗುವುದು ಹೆಚ್ಚಾಗಿ ಗೊತ್ತಿರುವ, ಹೆಸರಿರುವ ಸಂಸ್ಥೆಗಳಿಗೆ. ಅದರಲ್ಲಿ ಕೆಟ್ಟ ಉದ್ದೇಶ ಇದೆ ಅಂತ ನಾನು ಹೇಳುವುದಿಲ್ಲ. ಆ ವಿಭಾಗದಲ್ಲಿ ಕೂತವರು ಸಮಿತಿಗೆ ಉತ್ತರ ಹೇಳಬೇಕು, ಗೊತ್ತಿಲ್ಲದವರಿಗೆ ಕೊಟ್ಟು ಎಡವಟ್ಟಾದರೆ ಅವರ ತಲೆಗೇ ಬರುತ್ತದೆ, ಹಾಗಾಗಿ ಯಾರಾದರೂ ನಂಬಿಕಸ್ಥರು ಹೇಳಿದವರನ್ನೇ ಆರಿಸುತ್ತಾರೆ. ಈಗ ಸಮಾಜಸೇವಾ ಸಂಸ್ಥೆಗಳು ಹಣ ಎತ್ತಲು ಸೋಶಿಯಲ್ ಸ್ಟಾಕ್ ಎಕ್ಸ್‌ಚೇಂಜ್ ಬಂದಿದೆಯಲ್ಲ, ಪರಿಚಯ ಯಾಕೆ ಬೇಕು ಅಂತ ಕೇಳುವವರಿದ್ದಾರೆ. ಬಂದಿದೆ, ಒಳ್ಳೆಯದೇ. 2023ರ ಡಿಸೆಂಬರ್‌ನಲ್ಲಿ ಅದರಲ್ಲಿ ಮೊದಲು ಪಟ್ಟಿಯಾದದ್ದು ನಮ್ಮ ಬೆಂಗಳೂರಿನ ಎಸ್‌ಜಿಬಿಎಸ್ ಉನ್ನತಿ ಫೌಂಡೇಶನ್, 1.8 ಕೋಟಿ ಸಂಗ್ರಹಿಸಿತು. ಆದರೆ ಆ ಬಾಗಿಲಿಗೆ ಹೋಗಬೇಕಾದರೆ ಲಾಭರಹಿತ ಸಂಸ್ಥೆಗೆ ಕನಿಷ್ಠ ಮೂರು ವರ್ಷ ತುಂಬಿರಬೇಕು, ವರ್ಷಕ್ಕೆ 50 ಲಕ್ಷ ಖರ್ಚು ಮಾಡಿರಬೇಕು. ರೊಟ್ಟಿ ಬಡಿಯುವ ಗುಂಪಿಗೆ ಅದು ಬಹಳ ದೂರದ ಊರು.

ಹಾಗಾದರೆ ಸಂಪರ್ಕವೇ ಇಲ್ಲದವರು ಏನು ಮಾಡಬೇಕು? ಇದಕ್ಕೆ ಪುಣೆಯೇ ಒಂದು ಉತ್ತರ ಕೊಟ್ಟಿದೆ, ನನಗೆ ಈ ಊರಿನ ಬಗ್ಗೆ ಹೆಮ್ಮೆ ಅನಿಸುವುದು ಅದಕ್ಕೇ.

ಕಸ ಆಯುವ ಹೆಂಗಸರಿಗಿಂತ ಕಡಿಮೆ ಪರಿಚಯ ಇರುವವರು ಇನ್ಯಾರು? ಪೊಲೀಸರ ಕಣ್ಣಿಗೆ ಕಳ್ಳರು, ಜನರ ಕಣ್ಣಿಗೆ ಕಸ. ಹೆಚ್ಚಿನವರು ದಲಿತರು, ಎಷ್ಟೋ ಜನ 1972ರ ಬರದಲ್ಲಿ ಮರಾಠವಾಡದಿಂದ ಬಂದ ಕುಟುಂಬದವರು. 1990ರ ಸುಮಾರಿಗೆ ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದ ವಯಸ್ಕರ ಶಿಕ್ಷಣ ವಿಭಾಗದವರು, ಲಕ್ಷ್ಮೀ ನಾರಾಯಣ್, ಪೂರ್ಣಿಮಾ ಚಿಕರಮನೆ, ಅಕ್ಷರ ಕಲಿಸುವ ಕೆಲಸಕ್ಕೆ ಇವರ ನಡುವೆ ಹೋದರು. ಹೋದವರು ಅಕ್ಷರಕ್ಕೇ ನಿಲ್ಲಲಿಲ್ಲ. ಈ ಹೆಂಗಸರಿಗೆ ಬೇಕಾಗಿದ್ದು ತಿಪ್ಪೆಯಲ್ಲಿ ಕೆದಕುವ ಬದಲು ಮನೆಯ ಬಾಗಿಲಲ್ಲೇ ಒಣ ಕಸ ಸಿಗುವುದು. ಅದಕ್ಕೆ ಮನೆಯವರು ಬಾಗಿಲು ತೆರೆಯಬೇಕು. ಗುರುತಿಲ್ಲದವಳಿಗೆ ಯಾರು ತೆರೆಯುತ್ತಾರೆ? ವಿಶ್ವವಿದ್ಯಾಲಯದ ಹೆಸರು ಬೆನ್ನಿಗಿದ್ದಾಗ ಬಾಗಿಲು ತೆರೆಯಿತು.

ಆಮೇಲೆ ಬಾಬಾ ಆಢಾವ್ ಜೊತೆಯಾದರು. ಹಮಾಲ್ ಪಂಚಾಯತ್ ಕಟ್ಟಿ ಮೂಟೆ ಹೊರುವವರನ್ನು ಸಂಘಟಿಸಿದವರು. ಅವರ ಹಮಾಲ್ ಪಂಚಾಯತ್ 1974ರಲ್ಲಿ ಕಷ್ಟಾಚಿ ಭಾಕರ್ ಅಂತ ದುಡಿಯುವವರಿಗೆ ಕಡಿಮೆ ದರದ ಊಟದ ಕೇಂದ್ರವನ್ನೂ ಶುರು ಮಾಡಿತ್ತು, ಲಾಭವೂ ಬೇಡ ನಷ್ಟವೂ ಬೇಡ ಅಂತ. 1993ರ ಮೇ ತಿಂಗಳಲ್ಲಿ ಕಸ ಆಯುವವರ ಸಮಾವೇಶ ನಡೆದು ಕಾಗದ್ ಕಾಚ್ ಪತ್ರಾ ಕಷ್ಟಕರಿ ಪಂಚಾಯತ್ ಅನ್ನುವ ಅವರದೇ ಸಂಘಟನೆ ಹುಟ್ಟಿತು. 1990ರ ದಶಕದಲ್ಲೇ ಪಾಲಿಕೆ ಒಪ್ಪಿದ ಗುರುತಿನ ಚೀಟಿ ಬಂತು. 2008ರಲ್ಲಿ ಪುಣೆ ಮಹಾನಗರಪಾಲಿಕೆಯ ಜೊತೆ ಒಪ್ಪಂದ ಆಗಿ ಸ್ವಚ್ಛ್ ಸಹಕಾರಿ ಸಂಘ ಮನೆ ಮನೆಯ ಕಸ ಸಂಗ್ರಹಕ್ಕೆ ಇಳಿಯಿತು. ಕಸ ಆಯುವವರೇ ಅದರ ಒಡೆಯರು. ಮನೆಯವರು ತಿಂಗಳಿಗೆ ಶುಲ್ಕ ಕೊಡುತ್ತಾರೆ, ಒಣ ಕಸ ಮಾರಿದ ದುಡ್ಡು ಸಂಗ್ರಹಿಸಿದವರದ್ದೇ. ನಮ್ಮ ಮಹಡಿಗೆ ಬರುವ ತಾಯಿ ಬೆಳಗ್ಗೆ ಬೆಲ್ ಒತ್ತಿದಾಗ ಅವಳ ಹಿಂದೆ ಒಂದು ವಿಶ್ವವಿದ್ಯಾಲಯ, ಒಂದು ಕಾರ್ಮಿಕ ಸಂಘಟನೆ, ಒಂದು ಪಾಲಿಕೆ, ಇಷ್ಟೂ ಸಂಬಂಧ ನಿಂತಿರುತ್ತದೆ. ಒಬ್ಬರ ಕೈಹಿಡಿದು ಇನ್ನೊಬ್ಬರಿಗೆ ಪರಿಚಯ ಮಾಡಿಸುತ್ತಾ ಇಷ್ಟು ವರ್ಷದಲ್ಲಿ ಕಟ್ಟಿದ್ದು ಅದು.

ಮುಂಬಯಿಯ ಬಟ್ಟೆ ಗಿರಣಿಗಳ ಪ್ರದೇಶವಾದ ಗಿರಣಗಾಂವಿನ ಅನ್ನಪೂರ್ಣಾ ಮಹಿಳಾ ಮಂಡಳವೂ ಹೀಗೇ. ಗಿರಣಿ ಕಾರ್ಮಿಕರಿಗೆ ಊಟ ಹಾಕುತ್ತಿದ್ದ ಖಾನಾವಳಿಯ ಹೆಂಗಸರು ಬಡ್ಡಿ ಸಾಲದಲ್ಲಿ ಮುಳುಗಿದ್ದರು. ಗೋವಾದಿಂದ ಬಂದು ಕಾರ್ಮಿಕ ಚಳವಳಿಯಲ್ಲಿ ಬೆಳೆದ ಪ್ರೇಮಾ ಪುರಾವ್ 1975ರಲ್ಲಿ ಅವರನ್ನು ಒಗ್ಗೂಡಿಸಿ ಬ್ಯಾಂಕಿನ ಬಾಗಿಲಿಗೆ ಕರೆದುಕೊಂಡು ಹೋದರು. ಚಳವಳಿಯಲ್ಲಿ ಗಳಿಸಿದ ನಂಬಿಕೆ ಬ್ಯಾಂಕಿನ ಸಾಲಕ್ಕೆ ದಾರಿಯಾಯಿತು.

ಈಗ ನಮ್ಮ ಕನ್ನಡದವರ ಕಡೆ ಬರುತ್ತೇನೆ. ಇದನ್ನು ಹೇಳಲಿಕ್ಕೇ ಈ ಬರಹ.

ಪರಿಚಯದ ಬಲ ಏನು ಅಂತ ನಮಗಿಂತ ಚೆನ್ನಾಗಿ ಗೊತ್ತಿರುವವರು ಕಡಿಮೆ. ಉತ್ತರ ಕನ್ನಡದ ಕಡೆಯಿಂದ ಮುಂಬಯಿಗೆ ಬಂದ ಸಾರಸ್ವತರು 1906ರಲ್ಲಿ ಶಾಮರಾವ್ ವಿಠಲ್ ಸಹಕಾರಿ ಬ್ಯಾಂಕ್ ಕಟ್ಟಿದರು. ಮುಂದೆ ನಿಂತವರು ಶ್ರೀಪಾದ ಸುಬ್ರಾವ್ ತಲ್ಮಕಿ, ಬ್ಯಾಂಕಿಗೆ ಇಟ್ಟಿದ್ದು ಅವರು ಗೌರವಿಸುತ್ತಿದ್ದ ಹಿರಿಯ ವಕೀಲ ಶಾಮರಾವ್ ವಿಠಲ್ ಕೈಕಿಣಿಯವರ ಹೆಸರು. 1915ರಲ್ಲಿ ಗಾಂವದೇವಿಯಲ್ಲಿ ಸಹಕಾರಿ ವಸತಿ ಸಂಘವನ್ನೂ ಮಾಡಿದರು. ಬಿಲ್ಲವ ಸಮಾಜದವರು 1978ರಲ್ಲಿ ಭಾರತ್ ಕೋ-ಆಪರೇಟಿವ್ ಬ್ಯಾಂಕ್ ಕಟ್ಟಿದರು. ಉಡುಪಿ ಹೋಟೆಲುಗಳ ಕಥೆಯಂತೂ ಎಲ್ಲರಿಗೂ ಗೊತ್ತು. ಊರಿಂದ ಬಂದ ಹುಡುಗ ಗುರುತಿನವರ ಹೋಟೆಲಿನಲ್ಲಿ ಲೋಟ ತೊಳೆದು, ಹಗಲು ದುಡಿದು ರಾತ್ರಿ ಕನ್ನಡ ಶಾಲೆಗೆ ಹೋಗಿ, ಕೊನೆಗೆ ತನ್ನದೇ ಹೋಟೆಲ್ ಇಟ್ಟು ಊರಿನ ಇನ್ನಷ್ಟು ಹುಡುಗರನ್ನು ಕರೆಸಿಕೊಂಡ. ಇವೆಲ್ಲ ದೊಡ್ಡ ಕೆಲಸಗಳು, ಅವುಗಳ ಬಗ್ಗೆ ನನಗೆ ಗೌರವ ಇದೆ.

ಆದರೆ ಒಂದನ್ನು ಹೇಳಲೇಬೇಕು. ಈ ಬಲ ಹೆಚ್ಚಾಗಿ ಜಾತಿಯ ಗೆರೆಯೊಳಗೇ ಹರಿದಿದೆ. ಒಳಗಿದ್ದವರಿಗೆ ಆಸರೆ, ಹೊರಗಿದ್ದವರಿಗೆ ಬಾಗಿಲೇ ಕಾಣಲಿಲ್ಲ. ಇವತ್ತು ಪುಣೆಯಲ್ಲಿ ಕನ್ನಡದವರ ಕಾರ್ಯಕ್ರಮಕ್ಕೆ ಹೋದರೆ ಎಂಜಿನಿಯರುಗಳು, ಡಾಕ್ಟರುಗಳು, ಹೋಟೆಲ್ ಮಾಲೀಕರು, ಬ್ಯಾಂಕಿನವರು, ಪ್ರಾಧ್ಯಾಪಕರು ಸಿಗುತ್ತಾರೆ. ಬೆಳಗ್ಗೆ ಮಜೂರ್ ಅಡ್ಡಾದಲ್ಲಿ, ಅಂದರೆ ಕೂಲಿ ಕೆಲಸಕ್ಕೆ ಕಾಯುವ ಜಾಗದಲ್ಲಿ, ಡಬ್ಬಿ ಹಿಡಿದು ನಿಂತವರೂ ಕನ್ನಡವನ್ನೇ ಮಾತಾಡುತ್ತಾರೆ. ಈ ಎರಡು ಕನ್ನಡಗಳು ಭೇಟಿ ಆಗುವುದು ಬಹಳ ಕಡಿಮೆ. ರಾಜ್ಯೋತ್ಸವದ ದಿನವೂ ಆಗುವುದಿಲ್ಲ. ಆ ಧಾರವಾಡದ ಮನೆಯಾಕೆ ಮತ್ತು ಆ ರೊಟ್ಟಿಯ ಹೆಂಗಸು ಭೇಟಿ ಆದದ್ದು ಸಂಘದಲ್ಲಲ್ಲ, ಪಾತ್ರೆ ತೊಳೆಯುವ ಸಿಂಕಿನ ಹತ್ತಿರ. ಇದು ನನಗೆ ನಿಜವಾಗಿ ಸಂಕಟ ಕೊಡುತ್ತದೆ. ನಮ್ಮ ಕೈಯಲ್ಲಿರುವ ಪರಿಚಯಗಳು ಮದುವೆಗೆ, ಮಕ್ಕಳ ಅಡ್ಮಿಶನ್ನಿಗೆ, ಫ್ಲ್ಯಾಟ್ ಕೊಳ್ಳುವುದಕ್ಕೆ ಚೆನ್ನಾಗಿ ಕೆಲಸ ಮಾಡುತ್ತವೆ. ಅದರಲ್ಲಿ ಸ್ವಲ್ಪವನ್ನಾದರೂ ಅಡ್ಡಾದ ಕಡೆಗೆ ತಿರುಗಿಸಬಹುದು ಅಲ್ವಾ?

ತಿರುಗಿಸುವಾಗ ಕೆಲವು ಎಚ್ಚರ ಬೇಕು, ಅದನ್ನೂ ಹೇಳಿಬಿಡುತ್ತೇನೆ. ಪರಿಚಯದವರು ಕರುಣೆಯಿಂದ ಕೊಳ್ಳುತ್ತಾರೆ. ಮೊದಲ ತಿಂಗಳು ಎಲ್ಲರೂ ತೆಗೆದುಕೊಳ್ಳುತ್ತಾರೆ, ಚೆನ್ನಾಗಿದೆ ಅನ್ನುತ್ತಾರೆ, ಮೂರನೇ ತಿಂಗಳು ಫೋನ್ ಎತ್ತುವುದಿಲ್ಲ. ಚಟ್ನಿಯಲ್ಲಿ ಉಪ್ಪು ಜಾಸ್ತಿ ಆಗಿತ್ತು ಅಂತ ಗುಂಪಿಗೆ ಮೊದಲು ಹೇಳಿದ್ದು ಯಾರ ಪರಿಚಯವೂ ಇಲ್ಲದ ಒಬ್ಬ ಮರಾಠಿ ಗಿರಾಕಿ, ಆ ಮಾತೇ ಹೆಚ್ಚು ಉಪಯೋಗಕ್ಕೆ ಬಂತು. ಹಾಗಾಗಿ ಸಹಾಯ ಮಾಡುವ ಮನಸ್ಸಿದ್ದರೆ ಮೊದಲು ನಿಜ ಹೇಳಿ.

ಇನ್ನೊಂದು, ಪರಿಚಯ ಒಬ್ಬರ ಕೈಯಲ್ಲೇ ಉಳಿಯಬಾರದು. ಗುಂಪಿಗೆ ಬಹಳ ಸಹಕಾರ ಕೊಡುತ್ತಿದ್ದ ಬ್ಯಾಂಕ್ ಮ್ಯಾನೇಜರ್ ಒಬ್ಬರಿಗೆ ವರ್ಗ ಆಯಿತು. ಹೊಸಬರು ಬಂದು ಎಲ್ಲ ಕಾಗದವನ್ನೂ ಮೊದಲಿಂದ ಕೇಳಿದರು, ಸಾಲದ ಮಾತು ತಿಂಗಳುಗಟ್ಟಲೆ ಹಿಂದಕ್ಕೆ ಹೋಯಿತು. ಸೆಲ್ಕೋ ಕಟ್ಟಿದ ಹರೀಶ್ ಹಂದೆಯವರ ಕೆಲಸ ನನಗೆ ಇಲ್ಲಿ ನೆನಪಾಗುತ್ತದೆ. 1995ರಲ್ಲಿ ಶುರುವಾದ ಸೆಲ್ಕೋ ಬಡವರ ಮನೆಗೆ ಸೌರ ದೀಪ ಮುಟ್ಟಿಸಿದ್ದು ಬ್ಯಾಂಕ್ ಸಾಲದ ಮೂಲಕ. ನಮ್ಮ ಧಾರವಾಡದ ಮಲಪ್ರಭಾ ಗ್ರಾಮೀಣ ಬ್ಯಾಂಕಿನಂಥ ಬ್ಯಾಂಕುಗಳ ಮ್ಯಾನೇಜರುಗಳಿಗೆ ಮನದಟ್ಟು ಮಾಡಿಸಿ ಮಾಡಿಸಿ, ಸೌರ ದೀಪಕ್ಕೂ ಸಾಲ ಕೊಡಬಹುದು ಅನ್ನುವುದು ಬ್ಯಾಂಕಿನ ರೂಢಿಯೇ ಆಗುವ ಹಾಗೆ ಮಾಡಿದರು. ಮ್ಯಾನೇಜರ್ ಹೋದರೂ ರೂಢಿ ಉಳಿಯಬೇಕು. 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಬಂತು, ಅದು ದೀಪಕ್ಕೆ ಎಷ್ಟೋ ಈ ತಾಳ್ಮೆಗೂ ಅಷ್ಟೇ ಅಂತ ನನ್ನ ಭಾವನೆ.

ಮತ್ತೆ, ಬಾಗಿಲು ತೆರೆಸಿಕೊಟ್ಟವರು ಪಕ್ಕಕ್ಕೆ ಸರಿಯಬೇಕು. ಸಾತಾರಾ ಜಿಲ್ಲೆಯ ಮ್ಹಸವಡದಲ್ಲಿ ಚೇತನಾ ಗಾಲಾ ಸಿನ್ಹಾ ಹೆಂಗಸರ ಬ್ಯಾಂಕಿಗೆ ಅರ್ಜಿ ಹಾಕಿದಾಗ, ಸದಸ್ಯರಿಗೆ ಓದು ಬರಹ ಬರುವುದಿಲ್ಲ ಅಂತ ರಿಸರ್ವ್ ಬ್ಯಾಂಕ್ ತಿರಸ್ಕರಿಸಿತು. ಚೇತನಾ ಮುಂಬಯಿಯಲ್ಲಿ ಬೆಳೆದವರು, ಕಚೇರಿಗಳ ದಾರಿ ಗೊತ್ತಿತ್ತು. ಎರಡನೇ ಸಲ ಆ ಹೆಂಗಸರನ್ನೇ ಕರೆದುಕೊಂಡು ಹೋದರು. ನಮಗೆ ಬಡ್ಡಿ ಲೆಕ್ಕ ಹಾಕಲು ಹೇಳಿ, ನಿಮ್ಮ ಅಧಿಕಾರಿಗಳಿಗೂ ಕ್ಯಾಲ್ಕ್ಯುಲೇಟರ್ ಇಲ್ಲದೆ ಹಾಕಲು ಹೇಳಿ, ಯಾರು ಬೇಗ ಹೇಳುತ್ತಾರೋ ನೋಡೋಣ ಅಂತ ಆ ಹೆಂಗಸರೇ ಸವಾಲು ಹಾಕಿದರು. 1997ರಲ್ಲಿ ಮಾಣ್ ದೇಶಿ ಬ್ಯಾಂಕಿಗೆ ಪರವಾನಗಿ ಬಂತು. ನಮ್ಮ ಗುಂಪಿನ ಹೆಂಗಸರ ಪರವಾಗಿ ನಾನೇ ಮಾತಾಡಲು ಹೊರಟಾಗಲೆಲ್ಲ ಈ ಘಟನೆ ನೆನೆಸಿಕೊಳ್ಳುತ್ತೇನೆ. ರೊಟ್ಟಿಯ ಬಗ್ಗೆ, ಜೋಳದ ಬಗ್ಗೆ, ದರದ ಬಗ್ಗೆ ಅವರು ಹೇಳುವಷ್ಟು ಚೆನ್ನಾಗಿ ನನಗೆ ಹೇಳಲು ಬರುವುದಿಲ್ಲ.

ಈಗ ಗುಂಪಿಗೆ ಬೇಕಾಗಿರುವುದು ಇಷ್ಟು. ಪಿಂಪ್ರಿ ಚಿಂಚವಾಡ, ಚಾಕಣ್, ಹಿಂಜವಡಿ ಕಡೆಯ ಯಾವುದಾದರೂ ಕಂಪನಿಯ ಕ್ಯಾಂಟೀನಿನ ಖರೀದಿ ನೋಡಿಕೊಳ್ಳುವವರು ನಿಮಗೆ ಗೊತ್ತಿದ್ದರೆ ಪರಿಚಯ ಮಾಡಿಸಿ. ಆರ್ಡರ್ ಕೊಡಿಸಿ ಅಂತ ಕೇಳುತ್ತಿಲ್ಲ. ಹತ್ತು ನಿಮಿಷ ಸಮಯ ಕೊಟ್ಟು, ರೊಟ್ಟಿ ತಿಂದು ನೋಡಿ, ಬೇಡ ಅನಿಸಿದರೆ ಯಾಕೆ ಬೇಡ ಅಂತ ಹೇಳಿದರೆ ಸಾಕು. ಉತ್ಪಾದಕರ ಕಂಪನಿ ಮಾಡಿಸಿ ಅನುಭವ ಇರುವ ಸಿಎ ಯಾರಾದರೂ ಒಂದು ಭಾನುವಾರ ಬಸ್ತಿಗೆ ಬಂದು ಕೂರಲು ಒಪ್ಪಿದರೆ ಇನ್ನೂ ಒಳ್ಳೆಯದು, ಕನ್ನಡದಲ್ಲೇ ಹೇಳಬಹುದು, ಎಲ್ಲರಿಗೂ ತಿಳಿಯುತ್ತದೆ. ಜೋಳದ ಖರೀದಿ ಫೆಬ್ರವರಿ ಕೊನೆಗೆ ಶುರುವಾಗುತ್ತದೆ. ಸೋಲಾಪುರ ಅಥವಾ ವಿಜಯಪುರದ ಕಡೆ ರೈತರಿಂದ ನೇರವಾಗಿ ಕೊಡಿಸಬಲ್ಲವರು ಯಾರಾದರೂ ನಿಮ್ಮ ನೆಂಟರಲ್ಲೋ ಸಹಪಾಠಿಗಳಲ್ಲೋ ಇದ್ದರೆ ಅದಕ್ಕಿಂತ ಮೊದಲೇ ತಿಳಿಸಿ.